ಮೆಲ್ಲನೆಯ ಪೆಟ್ಟನ್ನೂ ಕೇಳುವ ಪೆಟ್ಟಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜನರಿಗೆ ಚರ್ಮವಾದ್ಯದ ನಾದವು ಹೊಸದಲ್ಲ. ಕೊಟ್ಟೂರ ರಥೋತ್ಸವದ ಸಮಾಳವನ್ನೂ ಮೈಲಾರದ ಜಾತ್ರೆಯಲ್ಲಿ ಗೊರವರ ಡಮರುಗವನ್ನೂ ಕೇಳಿ ಬೆಳೆದವರೇ ನಮ್ಮ ಹುಡುಗಿಯರು. ಆದರೆ ಅವನ್ನು ಬಾರಿಸುವವರು ಬಹುಮಟ್ಟಿಗೆ ಗಂಡಸರೇ. ಸತ್ಯವೇದದಲ್ಲಾದರೋ ಮಿರ್ಯಾಮಳು ದಮ್ಮಡಿಯನ್ನು ಹಿಡಿದು ಸ್ತ್ರೀಯರ ಮುಂದೆ ನಡೆದ ವೃತ್ತಾಂತವಿರುವದು. ಆದಕಾರಣ ಶಾಲೆಯ ಗಾನವೃಂದಕ್ಕೆ ಎಲೆಕ್ಟ್ರಾನಿಕ್ ಡ್ರಮ್ಮುಗಳನ್ನು ಕೊಡಬೇಕೆಂದು ಹಳೇ ವಿದ್ಯಾರ್ಥಿನಿಯರು ಆಲೋಚಿಸುವದಾದರೆ ಅದು ಸ್ತುತ್ಯವಾದದ್ದೇ. ಆ ಹಣವನ್ನು ಹೇಗೆ ವಿನಿಯೋಗಿಸತಕ್ಕದ್ದೆಂಬ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಅರಿಕೆಮಾಡುತ್ತೇವೆ.

ಇಂಥ ಡ್ರಮ್ಮಿನೊಳಗೆ ಟ್ರಿಗರ್ ಎಂಬ ಸಣ್ಣ ಬಿಲ್ಲೆಯಿರುವದು. ಪೆಟ್ಟು ಬಿದ್ದೊಡನೆ ಅದರಲ್ಲಿ ಅಲ್ಪ ವಿದ್ಯುತ್ತು ಹುಟ್ಟುವದು. ಒತ್ತಡದಿಂದ ಕೆಲವು ಹರಳುಗಳಲ್ಲಿ ವಿದ್ಯುತ್ತು ಹುಟ್ಟುವದೆಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಟ್ರಿಗರ್ ಇಂಟರ್‌ಫೇಸ್ ಎಂಬ ಪೆಟ್ಟಿಗೆಯು ಆ ವಿದ್ಯುತ್ತನ್ನು ಅಳೆದು, 1983ರಲ್ಲಿ ಪ್ರಕಟವಾದ ಮಿಡಿ ಎಂಬ ಸಂಕೇತಭಾಷೆಗೆ ತಿರುಗಿಸಿ, ನಾದವನ್ನು ಹೊರಡಿಸುವ ಯಂತ್ರಕ್ಕೋ ಕಂಪ್ಯೂಟರಿಗೋ ಕಳುಹಿಸುವದು. ಪೆಟ್ಟಿನ ಬಲವು 1ರಿಂದ 127ರ ವರೆಗಿನ ಒಂದು ಅಂಕೆಯಾಗುವದು. ನಾದದ ಜೋರು ಆ ಅಂಕೆಯನ್ನು ಅನುಸರಿಸುವದು. ಅಂದಮೇಲೆ ಪೆಟ್ಟಿಗೆಯು ಕೇಳದೆ ಹೋದ ಪೆಟ್ಟು ಬಾರಿಸದೆ ಇದ್ದ ಪೆಟ್ಟಿಗೆ ಸಮಾನ.

ಅಂಗಡಿಯಲ್ಲಿ ಬಲವಾದ ತೋಳಿನವನು ಬಾರಿಸಿ ತೋರಿಸಿದರೆ ಎಂಥ ಪೆಟ್ಟಿಗೆಯೂ ಚೆನ್ನಾಗಿಯೇ ನುಡಿಯುವದು. ಆದರೆ 13 ವರುಷದ ಬಾಲಕಿಯು ಮೆಲ್ಲನೆ ಬಾರಿಸಿದಾಗ ನಾದವೇ ಬಾರದಿದ್ದರೆ, ತನ್ನ ಕೈಯಲ್ಲಿ ಶಕ್ತಿಯಿಲ್ಲವೆಂದು ತಿಳಿದು ಅವಳು ಕೋಲನ್ನು ಕೆಳಗಿಡುವಳು. ಯಂತ್ರದ ಕೊರತೆಯು ಹುಡುಗಿಯ ಕೊರತೆಯೆಂದು ಎಣಿಸಲ್ಪಡುವದು. ಇದೇ ನಮ್ಮ ಚಿಂತೆ.

ಆದಕಾರಣ ಪೆಟ್ಟಿಗೆಯಲ್ಲಿ ಎಷ್ಟು ಬಗೆಯ ನಾದಗಳುಂಟೆಂದು ಕೇಳುವದಕ್ಕೆ ಮುಂಚೆ, ಒಂದೊಂದು ಡ್ರಮ್ಮಿಗೂ ಪ್ರತ್ಯೇಕವಾಗಿ ಮೂರು ವಿಷಯಗಳನ್ನು ಹೊಂದಿಸಲಿಕ್ಕಾಗುವದೋ ಎಂದು ವಿಚಾರಿಸತಕ್ಕದ್ದು. ಎಷ್ಟು ಸಣ್ಣ ಪೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಥ್ರೆಶೋಲ್ಡ್ ಎಂಬ ಮಿತಿ ಮೊದಲನೆಯದು. ಕೈಯ ಬಲಕ್ಕೆ ತಕ್ಕ ಸೂಕ್ಷ್ಮತೆ ಎರಡನೆಯದು. ಒಂದು ಪೆಟ್ಟು ಎರಡಾಗಿ ಕೇಳದಂತೆಯೂ, ಪಕ್ಕದ ಡ್ರಮ್ಮಿನ ಅದುರಿಗೆ ಇದು ನುಡಿಯದಂತೆಯೂ ಮಾಡುವ ತಡೆ ಮೂರನೆಯದು. ಮಿತಿಯನ್ನು ಅತಿಯಾಗಿ ಇಳಿಸಿದರೆ ಕಾಲ ಸಪ್ಪಳಕ್ಕೂ ನಾದ ಬಂದೀತು. ಆದ್ದರಿಂದ ಮೂರೂ ಒಟ್ಟಿಗೆ ಬೇಕು.

ಸಿದ್ಧವಾದ ರಿದಂ ಪ್ಯಾಡ್ ಸಾಲದೇ ಎಂದು ಕೆಲವರು ಕೇಳಬಹುದು. ಅದು ಹೊರಲು ಹಗುರ, ತಂತಿಗಳೂ ಕಡಿಮೆ, ನಿಜ. ರೋಲಂಡ್ ಕಂಪನಿಯವರು 1985ರಲ್ಲಿ ತಂದ ಆಕ್ಟಪ್ಯಾಡಿನಲ್ಲಿ 8 ಪಟ್ಟಿಗಳಿದ್ದವು. ಆದರೆ ಒಂದೇ ಹಲಗೆಯ ಮುಂದೆ ನಿಲ್ಲತಕ್ಕವಳು ಒಬ್ಬಳೇ. ಬೇರೆ ಪೆಟ್ಟಿಗೆಯಿದ್ದರೆ ನಾಲ್ವರು ಹುಡುಗಿಯರು ನಾಲ್ಕು ಡ್ರಮ್ಮುಗಳ ಮುಂದೆ ನಿಂತಾರು. ಡೊಳ್ಳಿಗೂ ಬಿಲ್ಲೆಯನ್ನು ಅಂಟಿಸಿ ಜೊತೆಗೂಡಿಸಬಹುದು. ಅದೇ ಕಂಪನಿಯ ಟಿಎಂ-2 ಎಂಬ ಪೆಟ್ಟಿಗೆಯಲ್ಲಿ ಸ್ವಂತ ನಾದಗಳುಂಟು, ಬ್ಯಾಟರಿಯಿಂದಲೂ ನಡೆಯುವದು. ಕರೆಂಟು ಹೋಗುವ ಊರುಗಳಲ್ಲಿ ಇದು ಅನುಕೂಲವೇ. ಆದರೆ ಅದರಲ್ಲಿ ಟ್ರಿಗರಿನ ತಂತಿ ಸಿಕ್ಕಿಸುವ ಕಿಂಡಿಗಳು ಎರಡೇ. ವೃಂದಕ್ಕೆ 8 ಅಥವಾ 10 ಕಿಂಡಿಗಳದ್ದೇ ಮೇಲು.

ಕಂಪ್ಯೂಟರಿನ ಮೂಲಕ ನಾದವು ತಡವಾಗುವದೆಂಬ ಆಕ್ಷೇಪವೂ ಉಂಟು. ಒಂದು ಪೆಟ್ಟಿನ ಮಿಡಿ ಸಂದೇಶವು ತಂತಿಯಲ್ಲಿ ಸಾಗಲು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಸಾಕು. ತಡವು ಹೆಚ್ಚಾಗಿ ಕಂಪ್ಯೂಟರಿನ ಜೋಡಣೆಯಿಂದಲೇ. ಅದನ್ನು ಸರಿಪಡಿಸುವದನ್ನು ನಮ್ಮ ಹುಡುಗಿಯರೇ ಕಲಿಯಲಿ; ಅದೂ ವಿದ್ಯೆಯೇ.

ಕೊನೆಗೆ ಹಳೇ ವಿದ್ಯಾರ್ಥಿನಿಯರಿಗೂ ತಂದೆತಾಯಿಗಳಿಗೂ ನಮ್ಮ ವಿಜ್ಞಾಪನೆ ಇಷ್ಟೇ. ಹಣ ಕೊಡುವದಕ್ಕೆ ಮುಂಚೆ ವೃಂದದಲ್ಲಿ ಎಲ್ಲರಿಗಿಂತ ಚಿಕ್ಕವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅವಳ ಕೈಯಿಂದಲೇ ಮೆಲ್ಲನೆ ಬಾರಿಸಿ ನೋಡಿರಿ. ಅವಳ ಪೆಟ್ಟನ್ನು ಕೇಳಿದ ಪೆಟ್ಟಿಗೆಯನ್ನೇ ಕೊಂಡು ತನ್ನಿರಿ.