ನಾದಿರಾಳ ಮನೆ, ಆಫ್ರೆಡ್‌ಳ ದೇಶ
ಈ ವಾರ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಕಾಲೇಜು ಹುಡುಗರು ತಾವು ಬರೆಯಲಿರುವ ಡಿಸ್ಟೋಪಿಯನ್ ಕಾದಂಬರಿಯ ಮಾತಲ್ಲೇ ಮೈಮರೆತಿದ್ದರು: 2090ರ ಮಂಗಳೂರು, ಕಡಲು ನುಂಗಿದ ಬಂದರು, ತಲೆಯ ಮೇಲೆ ಡ್ರೋನ್ ಕಾವಲು. ಎಲ್ಲವೂ ಇತ್ತು, ಅಲ್ಲಿ ಬದುಕುವ ಒಬ್ಬ ಮನುಷ್ಯನ ಹೊರತು. ಇಂಥ ಕಥೆಗಳು ಸೋಲುವುದೇ ಇಲ್ಲಿ. ಮಾರ್ಗರೆಟ್ ಅಟ್‌ವುಡ್ 1985ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ಗೆ ಒಂದು ಕಟ್ಟುನಿಟ್ಟಿನ ನಿಯಮ ಹಾಕಿಕೊಂಡಿದ್ದರು: ಮನುಷ್ಯರು ಎಲ್ಲಿಯೂ ಎಸಗಿರದ ಕ್ರೌರ್ಯ ಅದರಲ್ಲಿ ಬರಕೂಡದು. ಆದರೂ ಅದರಲ್ಲಿನ ದೇಶವಾದ ಗಿಲಿಯಡ್‌ನ ಆಡಳಿತ ಓದುಗರ ಮೈಗೆ ತಟ್ಟುವುದು ನಾಯಕಿ ಆಫ್ರೆಡ್ ಊಟದ ಬೆಣ್ಣೆಯನ್ನು ಬಚ್ಚಿಟ್ಟು ಮುಖಕ್ಕೆ ಸವರಿಕೊಳ್ಳುವಾಗ. ಆ ಕಾದಂಬರಿಗೂ ಮುಂಚೆಯೇ, ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಿದ್ದರು. ಅದು ನಾಳೆಯ ಕಥೆಯಲ್ಲ, ಅಂದಿನದೇ. ಆದರೆ ಪಾತ್ರದ ಮೂಲಕ ಒಂದು ವ್ಯವಸ್ಥೆಯನ್ನು ಕಟ್ಟುವುದು ಹೇಗೆಂದು ಕಲಿಯಲು ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಅದರ ನಾಯಕಿ ನಾದಿರಾಗೆ ಅಪ್ಪನ ಹಟದಿಂದ ತಲಾಖ್ ಆಗಿದೆ; ಗಂಡನ ಬಳಿಗೆ ಮರಳಬೇಕಾದರೆ ಅವಳು ಮೊದಲು ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು. ಲೇಖಕಿ ಆ ಕಟ್ಟಳೆಯ ಮೇಲೆ ಉಪನ್ಯಾಸ ಕೊಡುವುದಿಲ್ಲ. ಅಮ್ಮನ ಅಸಹಾಯಕತೆ, ಮಗುವಿಗಾಗಿ ಮಗಳು ಪಡುವ ಹಂಬಲ ಇಷ್ಟನ್ನೇ ಹಿಡಿದು ಅವಳನ್ನು ಮಸೀದಿಯ ಕೆರೆಯವರೆಗೆ ನಡೆಸುತ್ತಾರೆ. ಗಿಲಿಯಡ್‌ಗೆ ಬಂದೂಕು, ಬೇಹುಗಾರರು ಬೇಕಾದರು. ನಾದಿರಾಳ ಮನೆಯಲ್ಲಿ ಆ ಕೆಲಸಕ್ಕೆ ಅಪ್ಪ ಒಬ್ಬನೇ ಸಾಕಾದ.