ಹೆಸರಿಲ್ಲದ ದೆವ್ವಗಳ ವ್ಯಾಪಾರ

ಬೇಲೂರು, ಹಳೇಬೀಡು ನೋಡಲು ಬರುವವರ ಪಟ್ಟಿಗೆ ಈಗ ಶೆಟ್ಟಿಹಳ್ಳಿಯ ಚರ್ಚೂ ಸೇರಿದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಈ ಚರ್ಚು ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ, ಬೇಸಿಗೆಗೆ ಮತ್ತೆ ಮೇಲೇಳುತ್ತದೆ. ನಮ್ಮ ಜಾವಗಲ್ ಕಡೆಯ ಹುಡುಗರೂ ಬೈಕು ಹತ್ತಿ ಹೋಗಿ ನೋಡಿಬರುತ್ತಾರೆ. ಅದರಲ್ಲೇನೂ ತಪ್ಪಿಲ್ಲ. ನನ್ನ ತಕರಾರು ಅಲ್ಲಿಂದ ಹೊರಡುವ ವಿಡಿಯೋಗಳ ಬಗ್ಗೆ. ಹಿನ್ನೆಲೆಗೆ ನಡುಕದ ಸಂಗೀತ, ಕತ್ತಲಲ್ಲಿ ಟಾರ್ಚು, ಕೆಳಗೆ 'ದೆವ್ವದ ಚರ್ಚ್' ಎಂಬ ತಲೆಬರಹ. ಹತ್ತು ನಿಮಿಷದ ವಿಡಿಯೋದಲ್ಲಿ ಅಣೆಕಟ್ಟು ಎಂಬ ಪದ ಒಮ್ಮೆ ಬಂದರೆ ಹೆಚ್ಚು.

ಇದನ್ನು ಮೂಢನಂಬಿಕೆ ಎಂದು ಬೈಯುವವರ ಸಾಲಿಗೆ ನಾನು ಸೇರುವುದಿಲ್ಲ. ದೆವ್ವವನ್ನು ನಂಬುವುದು ಇಲ್ಲಿ ದೊಡ್ಡ ತೊಂದರೆಯಲ್ಲ. ದೆವ್ವವನ್ನು ಮುಂದಿಟ್ಟು ಮನುಷ್ಯರನ್ನು ಮರೆಮಾಡುವುದು ತೊಂದರೆ. ನೋವುಂಡವರನ್ನೇ ಭಯ ಹುಟ್ಟಿಸುವವರನ್ನಾಗಿ ಮಾಡಿದ ಮೇಲೆ ನೋವು ಕೊಟ್ಟವರ ಬಗ್ಗೆ ಯಾರೂ ಕೇಳುವುದಿಲ್ಲ.

ಈ ವ್ಯಾಪಾರ ಪೂರ್ತಿ ಬೆಳೆದರೆ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಗೆಟ್ಟಿಸ್‌ಬರ್ಗ್ ಊರಿನ ಒಂದು ಅನಾಥಾಲಯ ಸಾಕ್ಷಿ. 1863ರ ಜುಲೈನಲ್ಲಿ ಅಲ್ಲಿ ಅಂತರ್ಯುದ್ಧದ ಭೀಕರ ಕಾಳಗ ನಡೆಯಿತು. ಸತ್ತ ಸೈನಿಕನೊಬ್ಬನ ಕೈಯಲ್ಲಿ ಗಾಜಿನ ಮೇಲೆ ತೆಗೆದ ಒಂದು ಫೋಟೊ ಸಿಕ್ಕಿತು. ಅದರಲ್ಲಿ ಮೂರು ಮಕ್ಕಳು. ಅವನ ಗುರುತು ಹೇಳುವ ಬೇರೇನೂ ಇರಲಿಲ್ಲ. ಫಿಲಡೆಲ್ಫಿಯಾದ ವೈದ್ಯ ಜಾನ್ ಫ್ರಾನ್ಸಿಸ್ ಬೌರ್ನ್ಸ್ ಆ ಚಿತ್ರದ ವಿವರವನ್ನು ಪತ್ರಿಕೆಗಳಲ್ಲಿ ಹಾಕಿಸಿದ. ನ್ಯೂಯಾರ್ಕ್ ರಾಜ್ಯದ ಸಣ್ಣ ಊರಿನಲ್ಲಿದ್ದ ಫಿಲಿಂಡಾ ಹ್ಯೂಮಿಸ್ಟನ್‌ಗೆ ತಾನು ವಿಧವೆಯಾದೆನೆಂದು ತಿಳಿದದ್ದು ಹಾಗೆ. ಸತ್ತವನು ಸಾರ್ಜೆಂಟ್ ಏಮೋಸ್ ಹ್ಯೂಮಿಸ್ಟನ್. ಮಕ್ಕಳು ಫ್ರಾಂಕ್, ಆಲಿಸ್, ಫ್ರೆಡ್.

ದೇಶವೆಲ್ಲ ಕರಗಿತು, ಹಣ ಹರಿದು ಬಂತು. 1866ರಲ್ಲಿ ಗೆಟ್ಟಿಸ್‌ಬರ್ಗಿನಲ್ಲೇ ಸೈನಿಕರ ಮಕ್ಕಳಿಗೆ ಅನಾಥಾಲಯ ತೆರೆಯಿತು. ಹ್ಯೂಮಿಸ್ಟನ್ ಕುಟುಂಬವೂ ಅಲ್ಲಿಗೆ ಬಂತು. ಕೆಲವು ವರ್ಷಗಳ ಮೇಲೆ ಮೇಲ್ವಿಚಾರಕಿಯಾಗಿ ಬಂದ ರೋಸಾ ಕಾರ್ಮೈಕಲ್ 1876ರಲ್ಲಿ ಮಕ್ಕಳನ್ನು ಹಿಂಸಿಸಿದ ಆರೋಪದ ಮೇಲೆ ನ್ಯಾಯಾಲಯದ ಮುಂದೆ ನಿಂತಳು. ನೆಲಮಾಳಿಗೆಯಲ್ಲಿ ಮಕ್ಕಳನ್ನು ಕೂಡಿಹಾಕುತ್ತಿದ್ದಳೆಂಬ ಮಾತು ಹಬ್ಬಿತು. ಮಕ್ಕಳ ಹೆಸರಿನಲ್ಲಿ ಹಣ ಎತ್ತಿದ ಬೌರ್ನ್ಸ್ ಮೇಲೆಯೇ ಆ ಹಣ ದುರುಪಯೋಗದ ಆರೋಪ ಬಂತು. 1877ರಲ್ಲಿ ಅನಾಥಾಲಯಕ್ಕೆ ಬೀಗ ಬಿತ್ತು.

1959ರಲ್ಲಿ ಕ್ಲಿಫ್ ಆರ್ಕೆಟ್ ಎಂಬ ಹಾಸ್ಯನಟ ಅದೇ ಕಟ್ಟಡದಲ್ಲಿ ಯುದ್ಧದ ಮ್ಯೂಸಿಯಂ ತೆರೆದ. ಮೇಲೆ ಯುದ್ಧದ ಪ್ರದರ್ಶನ. ಕೆಳಗಿನ ನೆಲಮಾಳಿಗೆಗೆ ಮುಂದೆ ದೆವ್ವ ತೋರಿಸುವ ಪ್ರವಾಸ ಶುರುವಾಯಿತು. ಟಿಕೆಟ್ ತೆಗೆದುಕೊಂಡು ಇಳಿದರೆ ಮಕ್ಕಳ ಅಳು ಕೇಳಿಸಬಹುದು ಎಂಬ ಆಸೆ. 2014ರಲ್ಲಿ ಮ್ಯೂಸಿಯಂ ಮುಚ್ಚಿತಾದರೂ ಆ ಮಾಳಿಗೆಯ ದೆವ್ವಗಳಿಗೆ ಇಂದಿಗೂ ಬೇಡಿಕೆ ಇದೆ.

ಬೌರ್ನ್ಸ್ ಕೂಡ ಮಕ್ಕಳ ಅಳುವನ್ನು ತೋರಿಸಿಯೇ ಹಣ ಎತ್ತಿದ. ಟಿಕೆಟ್ ಮಾರುವವನು ಮಾಡುವುದೂ ಅದನ್ನೇ. ಬೌರ್ನ್ಸನ ಕಾಲದಲ್ಲಿ ಲೆಕ್ಕ ಕೇಳುವವರಾದರೂ ಇದ್ದರು. ಟಾರ್ಚು ಹಿಡಿದು ಇಳಿಯುವವನು ಲೆಕ್ಕ ಕೇಳುವುದಿಲ್ಲ. ಮೈ ಜುಮ್ಮೆಂದರೆ ಅವನು ಕೊಟ್ಟ ದುಡ್ಡು ಸಂದಾಯವಾಯಿತು.

ಇದಕ್ಕೊಂದು ಎದುರುವಾದ ಇದೆ, ಸಾಹಿತ್ಯ ಓದಿದವರೇ ಅದನ್ನು ಹೇಳುತ್ತಾರೆ. ದೆವ್ವದ ಕತೆಯೂ ಜನರ ನೆನಪು. ಕಡತಗಳು ಹೇಳದ್ದನ್ನು ಅದು ಉಳಿಸಿಕೊಡುತ್ತದೆ. ದೆವ್ವ ಇಲ್ಲದಿದ್ದರೆ ಆ ಮಕ್ಕಳನ್ನು ಯಾರು ನೆನೆಯುತ್ತಿದ್ದರು?

ಮಾತು ಚೆನ್ನಾಗಿದೆ. ಆದರೆ ನಮ್ಮ ಜನರ ದೆವ್ವ ಹೇಗಿರುತ್ತದೆ ಎಂದು ಒಮ್ಮೆ ನೋಡಿ. ಹಳ್ಳಿಯಲ್ಲಿ ಯಾರಿಗಾದರೂ ಗಾಳಿ ಸೋಕಿತು ಎಂದಾಗ ಮೊದಲು ಕೇಳುವುದು ಏನು? ಯಾರು ನೀನು, ಎಲ್ಲಿಂದ ಬಂದೆ, ನಿನಗೇನು ಬೇಕು? ದೆವ್ವ ಬಾಯಿಬಿಟ್ಟು ಹೆಸರು ಹೇಳಬೇಕು, ತನಗಾದ ಅನ್ಯಾಯ ಹೇಳಬೇಕು, ಏನು ಕೊಟ್ಟರೆ ಹೋಗುತ್ತೇನೆಂದು ಹೇಳಬೇಕು. ಅದೊಂದು ವಿಚಾರಣೆ.

ತುಳುನಾಡು ಇದನ್ನು ಇನ್ನೂ ಮೇಲಕ್ಕೆ ಒಯ್ದಿತು. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಅದನ್ನು ಕಡೆದ ಶಿಲ್ಪಿ ಮತ್ತೆಲ್ಲೂ ಅಂಥದ್ದನ್ನು ಕಡೆಯಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದನೆಂದು ಪಾಡ್ದನ ಹೇಳುತ್ತದೆ. ಆ ಶಿಲ್ಪಿ ಕಲ್ಕುಡನೂ ಅವನ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನನ್ನು ಕಾಡಿದರು. ಇಂದಿಗೂ ಕೋಲದಲ್ಲಿ ಕಲ್ಕುಡ ಬಂದು ನಿಂತಾಗ ಏಟು ತಿಂದವನ ಹೆಸರಿದೆ, ಏಟು ಕೊಟ್ಟ ಅರಮನೆಯ ನೆನಪೂ ಇದೆ. ಆ ದೈವದ ಮುಂದೆ ನಿಂತವನು ಪ್ರೇಕ್ಷಕನಲ್ಲ, ಬಾಕಿದಾರ.

ಪ್ರವಾಸದ ದೆವ್ವಕ್ಕೆ ಇವು ಯಾವುವೂ ಇಲ್ಲ. ಅದಕ್ಕೆ ಹೆಸರಿಲ್ಲ, ಬೇಡಿಕೆ ಇಲ್ಲ, ಶತ್ರುವೂ ಇಲ್ಲ. ಹಾಗಾಗಿ ಅದನ್ನು ಜನಪದ ಎಂದು ಕರೆಯುವುದು ಜನಪದಕ್ಕೆ ಮಾಡುವ ಅವಮಾನ.

ಮತ್ತೆ ಶೆಟ್ಟಿಹಳ್ಳಿಗೆ ಬನ್ನಿ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಆ ನೀರು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ಹರಿಯಿತು. ಹರಿಯಲಿ, ಅದರಿಂದ ಉಂಡವರು ನಾವೇ. ಆದರೆ ಆ ನೀರು ನಿಲ್ಲಲು ಊರುಗಳು ಎದ್ದು ಹೋದವು. ಮನೆ, ಹೊಲ, ಕಣ, ಗುಡಿ, ಸಮಾಧಿ ಎಲ್ಲ ಬಿಟ್ಟು ಜನ ಹೊರಟರು. ಆ ಜನ ದೆವ್ವಗಳಲ್ಲ. ಅವರೂ ಅವರ ಮಕ್ಕಳೂ ಇದೇ ಜಿಲ್ಲೆಯಲ್ಲಿ ಬದುಕಿದ್ದಾರೆ, ಕೇಳಿದರೆ ಮಾತಾಡುತ್ತಾರೆ. ಬದುಕಿರುವವರ ಊರನ್ನು ದೆವ್ವಗಳ ಊರೆಂದು ಕರೆಯುವುದಕ್ಕಿಂತ ಸುಲಭವಾಗಿ ಪರಿಹಾರದ ಪ್ರಶ್ನೆಯನ್ನು ಮುಚ್ಚಿಹಾಕಲು ಬರುವುದಿಲ್ಲ.

ಅನಾಥ ಮಕ್ಕಳ ಲೆಕ್ಕವೂ ನಮ್ಮಲ್ಲಿ ಬಾಕಿ ಇದೆ. 1876-78ರ ಧಾತು-ಈಶ್ವರದ ಬರಕ್ಕೆ ಮೊದಲು, 1871ರ ಜನಗಣತಿಯಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ಕ್ಕೆ ಅದು 42 ಲಕ್ಷಕ್ಕಿಂತ ಕೆಳಗಿಳಿಯಿತು. ಉಳಿದ ಮಕ್ಕಳಲ್ಲಿ ಎಷ್ಟೋ ಮಂದಿ ಮಿಷನ್ನಿನ ಅನಾಥಾಲಯಗಳನ್ನು ಸೇರಿದರು. ಬರದ ಬಗ್ಗೆ ಪುಸ್ತಕಗಳಿವೆ, ವರದಿಗಳಿವೆ. ಆ ಮಕ್ಕಳು ಎಲ್ಲಿಂದ ಬಂದರು, ಏನಾದರು ಎಂದು ಹೇಳುವ ಒಂದು ಕಲ್ಲನ್ನು ನಾವು ಎಲ್ಲಿ ನೆಟ್ಟಿದ್ದೇವೆ?

ಇದು ಹಳೆಯ ಮಾತು ಎಂದು ತಳ್ಳುವ ಹಾಗಿಲ್ಲ. 2018ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ವರದಿಯಿಂದ ಬಿಹಾರದ ಮುಜಫ್ಫರ್‌ಪುರದ ಬಾಲಕಿಯರ ಆಶ್ರಯಗೃಹದ ಲೈಂಗಿಕ ದೌರ್ಜನ್ಯ ಬಯಲಾಯಿತು. 2020ರ ಜನವರಿಯಲ್ಲಿ ದೆಹಲಿಯ ನ್ಯಾಯಾಲಯ 19 ಮಂದಿಯನ್ನು ತಪ್ಪಿತಸ್ಥರೆಂದಿತು. ಇದು ಸಾಧ್ಯವಾದದ್ದು ಯಾರೋ ಒಳಗೆ ಹೋಗಿ ಆ ಹುಡುಗಿಯರನ್ನು ಕೂರಿಸಿಕೊಂಡು ಕೇಳಿದ್ದರಿಂದ, ಹುಡುಗಿಯರು ಹೇಳಿದ್ದರಿಂದ. ರಾತ್ರಿ ಅಳು ಕೇಳಿಸುತ್ತದೆ ಎಂದು ಪಿಸುಗುಟ್ಟಿ ಊರೆಲ್ಲ ಸುಮ್ಮನಿದ್ದಿದ್ದರೆ ಅದೂ ಒಂದು ದಿನ ದೆವ್ವದ ಮನೆಯಾಗುತ್ತಿತ್ತು.

ಹಾಗಾಗಿ ಪಾಳು ಕಟ್ಟಡಗಳಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ, ಹಗಲಲ್ಲಿ ಹೋಗಿ. ಪಕ್ಕದ ಊರಿನ ಹಿರಿಯರನ್ನು ಮಾತಾಡಿಸಿ, ಎದ್ದು ಹೋದ ಮನೆಗಳ ಹೆಸರು ಬರೆದುಕೊಳ್ಳಿ. ದೆವ್ವದ ಕತೆ ಹೇಳಿದರೆ ಅದನ್ನೂ ಕೇಳಿ. ಆದರೆ ನಮ್ಮ ಹಳ್ಳಿಯವರು ಕೇಳುವ ಮೂರು ಪ್ರಶ್ನೆಗಳನ್ನು ಆ ದೆವ್ವಕ್ಕೂ ಕೇಳಿ: ಯಾರು ನೀನು, ಎಲ್ಲಿಂದ ಬಂದೆ, ನಿನಗೇನು ಬೇಕು? ಉತ್ತರ ಸಿಗುವವರೆಗೆ ವಿಡಿಯೋ ಹಾಕಬೇಡಿ.