ಬಿಡುವ ಕ್ರಿಯೆ, ಹಿಡಿಯುವ ಕ್ರಿಯೆ

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಮೊದಲಾಗುತ್ತಿದ್ದರೂ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಮಕ್ಕಳು ಪ್ರೌಢಶಾಲೆಗೆ ಬಂದ ಬಳಿಕವೂ ಆ ಭಾಷೆಯ ಒಂದು ಬಗೆಯ ಕ್ರಿಯಾಪದಗಳ ಮುಂದೆ ತಡವರಿಸಿ ನಿಲ್ಲುತ್ತಾರೆ. ಚಿರಪರಿಚಿತವಾದ ಕ್ರಿಯಾಪದಕ್ಕೆ ‘ಓವರ್’, ‘ಔಟ್’, ‘ಬ್ಯಾಕ್’ ಎಂಬ ಕಿರಿದಾದ ಅವ್ಯಯವೊಂದು ಸೇರಿದೊಡನೆಯೇ ಅರ್ಥವು ಅನ್ಯದಿಕ್ಕಿಗೆ ಹೊರಳುವ ಈ ಪ್ರಯೋಗಗಳನ್ನು, ಅದರಲ್ಲಿಯೂ ಒಂದನ್ನು ತೊರೆದು ಮತ್ತೊಂದಕ್ಕೆ ಸಾಗುವುದನ್ನು ಸೂಚಿಸತಕ್ಕವನ್ನು, ಗೈಡುಗಳ ಪಟ್ಟಿಯಿಂದ ಉರುಹೊಡೆಸುವ ಕ್ರಮವು ನಿಷ್ಫಲವೆಂದು ನನ್ನ ಅಭಿಪ್ರಾಯ; ಪಲ್ಲಟವೆಂಬುದು ಈ ಸೀಮೆಯ ಮಗುವಿಗೆ ಹೊಸ ವಿಷಯವೇನೂ ಅಲ್ಲವಷ್ಟೆ.

ವರ್ಜೀನಿಯಾ ಹೊಗೆಸೊಪ್ಪಿನ ಈ ನಾಡಿನಲ್ಲಿ “ಈ ಸಲ ಸೊಪ್ಪು ಬಿಟ್ಟು ಶುಂಠಿ ಹಾಕವ್ರೆ” ಎಂಬ ಮಾತನ್ನು ಕೇಳದೆ ಬೆಳೆದ ಮಗುವುಂಟೆ? ಇಲ್ಲಿ ಬಿಡುವುದು ಒಂದು ಕ್ರಿಯೆ, ಹಾಕುವುದು ಮತ್ತೊಂದು. ಇಂಗ್ಲಿಷಾದರೋ ಎರಡನ್ನೂ ‘ಸ್ವಿಚ್ ಓವರ್’ ಎಂಬುದರೊಳಗೆ ಅಡಗಿಸಿ, ಬಿಟ್ಟದ್ದನ್ನು ‘ಫ್ರಮ್’ ಎಂದೂ ಹಿಡಿದದ್ದನ್ನು ‘ಟು’ ಎಂದೂ ತೋರಿಸಿ ಮುಗಿಸುತ್ತದೆ. ಶುಂಠಿಯ ಬೆಲೆ ಕುಸಿದು ರೈತನು ಹೊಗೆಸೊಪ್ಪಿಗೇ ಮರಳಿದನಾದರೆ ಅದು ‘ಸ್ವಿಚ್ ಬ್ಯಾಕ್’. ಸೊಪ್ಪನ್ನು ಹದಮಾಡುವ ಬ್ಯಾರನ್ನಿನ ಕಾವಿನಲ್ಲಿ ಬೆಂದ ಹಸುರೆಲೆ ಹೊನ್ನಿನ ಬಣ್ಣದ ಸರಕಾಗುವಲ್ಲಿ ಮಾತ್ರ ‘ಸ್ವಿಚ್’ ಸಲ್ಲದು, ‘ಟರ್ನ್ ಇನ್‌ಟು’ ಎನ್ನಬೇಕು. ಎಲೆಯು ಏನನ್ನೂ ಬಿಟ್ಟು ಏನನ್ನೂ ಹಿಡಿದುದಲ್ಲ, ತಾನೇ ಬೇರೊಂದಾಯಿತು.

ಇನ್ನು ‘ಮೂವ್ ಔಟ್’. ಎಚ್.ಡಿ. ಕೋಟೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು ಹಿನ್ನೀರು ಹಬ್ಬಿದಾಗ ಮುಳುಗಡೆಯ ಊರುಗಳವರು ಮನೆಮಠಗಳನ್ನು ತೊರೆದುದನ್ನು ಈ ಮಾತಿನಿಂದ ಹೇಳಿದರೆ, ಬಾಡಿಗೆಯ ಮನೆಯನ್ನು ಬದಲಿಸಿದವರಿಗೂ ಅವರಿಗೂ ಭೇದವೇ ಕಾಣದೆ ಹೋಗುತ್ತದೆ. ‘ಒಕ್ಕಲೆಬ್ಬಿಸಿದರು’ ಎನ್ನುವ ಕನ್ನಡದಲ್ಲಿ ಎಬ್ಬಿಸಿದ ಕೈಯೂ ಕಾಣುತ್ತದೆ. (ಕಚೇರಿಯ ಕನ್ನಡವು ಇದನ್ನು ‘ಸ್ಥಳಾಂತರ’ವೆಂದು ನುಣುಪಾಗಿಸಿರುವುದು ಬೇರೆಯ ಮಾತು.)

ಇಂಥ ಇಂಗ್ಲಿಷ್ ಪ್ರಯೋಗಗಳ ತೊಡಕನ್ನು ಬಿಡಿಸುವ ಉಪಾಯವು ನಮ್ಮ ನುಡಿಯಲ್ಲಿಯೇ ಇರುವುದನ್ನು ಉಪಾಧ್ಯಾಯರು ಏಕೆ ಬಳಸಿಕೊಳ್ಳುತ್ತಿಲ್ಲವೋ ತಿಳಿಯದು. ಇಂಗ್ಲಿಷಿನಲ್ಲಿ ಅವ್ಯಯವು ಮಾಡುವ ಕೆಲಸದ ಬಹುಪಾಲನ್ನು ಕನ್ನಡದಲ್ಲಿ ಹಿಂದೆ ಬಂದು ಕೂಡಿಕೊಳ್ಳುವ ಎರಡನೆಯ ಕ್ರಿಯಾಪದವು ಮಾಡುತ್ತದೆ: ಬಿಟ್ಟುಬಿಡು, ಬಿಟ್ಟುಕೊಡು, ಬಿಟ್ಟುಹೋಗು. ಒಬ್ಬನು ಬೀಡಿಯನ್ನು ಬಿಟ್ಟುಬಿಡುತ್ತಾನೆ, ಮತ್ತೊಬ್ಬನು ಕಾಲುವೆಗಾಗಿ ಜಮೀನನ್ನು ಬಿಟ್ಟುಕೊಡುತ್ತಾನೆ. ಇಂಗ್ಲಿಷಿನಲ್ಲಿ ಇವೆರಡಕ್ಕೂ ‘ಗಿವ್ ಅಪ್’ ಎಂಬ ಒಂದೇ ಮಾತು ಸಲ್ಲುವುದರಿಂದ, ಈ ಸೂಕ್ಷ್ಮವನ್ನು ಬಲ್ಲ ಮಗುವನ್ನು ಇಂಥ ಪದಗಳಿಗೆ ಅನರ್ಹವೆಂದು ಭಾವಿಸುವುದು ಶುದ್ಧ ಅವಿವೇಕ.

ಆದುದರಿಂದ ಪಾಠವನ್ನು ‘ಬಿಟ್ಟುಬಿಡು’ವಿನಿಂದ ಆರಂಭಿಸಿ ‘ಗಿವ್ ಅಪ್’ಗೆ ಬರಬೇಕೆಂದೂ, ಉದಾಹರಣೆಗಳಿಗೆ ಲಂಡನ್ನಿನ ರೈಲುಗಳನ್ನು ಹುಡುಕದೆ ಊರಿನ ಹೊಲವನ್ನೇ ನೋಡಬೇಕೆಂದೂ ಈ ತಾಲ್ಲೂಕುಗಳ ಇಂಗ್ಲಿಷ್ ಉಪಾಧ್ಯಾಯರಲ್ಲಿ ನನ್ನ ವಿನಂತಿ. ‘ಮೈ ಫಾದರ್ ಲೆಫ್ಟ್ ಟೊಬ್ಯಾಕೊ ಅಂಡ್ ಪ್ಲಾಂಟೆಡ್ ಜಿಂಜರ್’ ಎಂದು ಬರೆದ ಮಗುವಿಗೆ ‘ಸ್ವಿಚ್ ಓವರ್’ ಎನ್ನುವುದನ್ನೂ ಕಲಿಸಲಿ, ಆದರೆ ಅಂಕವನ್ನು ಕಳೆಯದಿರಲಿ. ಆ ವಾಕ್ಯದಲ್ಲಿ ವ್ಯಾಕರಣದೋಷವು ಒಂದೂ ಇಲ್ಲ.